ಹಿತ್ತಲ ಕೇಬಲ್ಲು ಮದ್ದಲ್ಲವೇ?

"ಟಿ.ವಿ. ಕೇಬಲ್ಲು ಹ್ಯಾಮ್ ರೇಡಿಯೋಗೆ ಆಗಿಬರುವುದಿಲ್ಲ. ಅದು 75 ಓಮ್, ನಮ್ಮದು 50 ಓಮ್." ಈ ಮಾತನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹೇಳುವವರು ಬದಲಾಗಿದ್ದಾರೆ, ಮಾತು ಬದಲಾಗಿಲ್ಲ. ಬಾಯಿಪಾಠದ ಮಗ್ಗಿಯಂತೆ ಅದು ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಮರಿಶಿಷ್ಯನಿಗೆ ಇಳಿದು ಬಂದಿದೆ. ಮಗ್ಗಿಗಾದರೂ ಲೆಕ್ಕದ ಆಧಾರವಿರುತ್ತದೆ. 75 ಮತ್ತು 50 ಬೇರೆ ಬೇರೆ ಸಂಖ್ಯೆಗಳೆಂಬುದನ್ನು ಒಪ್ಪೋಣ. ಆದುದರಿಂದ ಆಗಿಬರುವುದಿಲ್ಲ ಎಂಬ ತೀರ್ಮಾನವನ್ನು ಇವರು ಯಾವ ಲೆಕ್ಕದಿಂದ ತೆಗೆದರು? ಕೇಳಿದರೆ ಉತ್ತರವಿಲ್ಲ. ಈ ಬರಹ ಸ್ವಲ್ಪ ಖಾರವಾಗಿಯೇ ಇರುತ್ತದೆ. ಹಿರಿಯ ಹವ್ಯಾಸಿ ಮಿತ್ರರು ಓದಿ ಸಿಟ್ಟಾದರೆ ಆಗಲಿ, ಸಿಟ್ಟಿನ ಜೊತೆಗೆ ಒಂದು ಪೆನ್ಸಿಲ್ಲನ್ನೂ ಕೈಗೆತ್ತಿಕೊಂಡರೆ ಸಾಕು.

ಈ ಪುಟವನ್ನು ನನ್ನ ತಂಗಿಯ ಮಕ್ಕಳೂ ಬೀಗರೂ ಓದುತ್ತಾರೆ. ಅವರಿಗಾಗಿ ಎರಡು ಮಾತು. ಹ್ಯಾಮ್ ರೇಡಿಯೋ ಎಂದರೆ ಹವ್ಯಾಸಿಗಳ ರೇಡಿಯೋ. ಕೇಂದ್ರ ಸರ್ಕಾರದ ಸಂಪರ್ಕ ಮಂತ್ರಾಲಯಕ್ಕೆ ಸೇರಿದ ನಿಸ್ತಂತು ವಿಭಾಗದವರು ಪರೀಕ್ಷೆ ನಡೆಸಿ ಪರವಾನಗಿ ಕೊಡುತ್ತಾರೆ. ಜೊತೆಗೆ 'ವಿಯು' ಎಂದು ಶುರುವಾಗುವ ಒಂದು ಕರೆಹೆಸರು. ಆಮೇಲೆ ನಿಮ್ಮ ಮನೆಯಲ್ಲಿ ನೀವೇ ಒಂದು ಪುಟ್ಟ ಬಾನುಲಿ ಕೇಂದ್ರ. ಹಾಡು ಬಿತ್ತರಿಸುವಂತಿಲ್ಲ, ಪರವಾನಗಿ ಪಡೆದ ಇತರ ಹವ್ಯಾಸಿಗಳೊಡನೆ ಮಾತನಾಡಬಹುದು. ಕೋಣೆಯಲ್ಲಿ ರೇಡಿಯೋ, ಮಾಡಿನ ಮೇಲೆ ಆಂಟೆನಾ, ಎರಡರ ನಡುವೆ ಒಂದು ಕೇಬಲ್ಲು. ಈ ಜಗಳವೆಲ್ಲ ಆ ನಡುವಿನ ಕೇಬಲ್ಲಿನದು. ಅದನ್ನು ಕೋಆಕ್ಸಿಯಲ್ ಕೇಬಲ್ ಎನ್ನುತ್ತಾರೆ. ಮಧ್ಯದಲ್ಲೊಂದು ತಂತಿ, ಅದರ ಸುತ್ತ ಬಿಳಿಯ ಪಾಲಿಥೀನ್ ನೊರೆ, ಅದರ ಮೇಲೆ ಲೋಹದ ಹಾಳೆ ಮತ್ತು ಹೆಣೆದ ಜಾಲರಿ, ಎಲ್ಲಕ್ಕೂ ಮೇಲೆ ಕಪ್ಪು ಹೊದಿಕೆ. ಎಲ್ಲವೂ ಒಂದೇ ಅಕ್ಷದ ಸುತ್ತ ಇರುವುದರಿಂದ ಆ ಹೆಸರು. ನಿಮ್ಮ ಮನೆಯ ಟಿ.ವಿ.ಯ ಹಿಂದೆ ಒಂದು ಕಾಲದಲ್ಲಿ ಇದ್ದದ್ದೂ ಅದೇ.

ಇದ್ದದ್ದು ಎಂದೆ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ನಮ್ಮ ನಗರಗಳಲ್ಲಿ ಕೇಬಲ್ ಟಿ.ವಿ. ತಲೆ ಎತ್ತಿತು. ಕೆಲವೇ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಿಗೂ ಬಂತು. ಅದನ್ನು ಹದ್ದುಬಸ್ತಿಗೆ ತರಲು 1995ರಲ್ಲಿ ಕಾಯಿದೆಯೂ ಆಯಿತು. ನಮ್ಮ ಊರಿನಲ್ಲಿ ಅಡಿಕೆಮರ, ತೆಂಗಿನಮರ, ಬೆಳಕಿನ ಕಂಬ, ದೇವಸ್ಥಾನದ ಗೋಪುರ ಯಾವುದನ್ನೂ ಬಿಡದೆ ಕಪ್ಪು ಹಾವಿನಂತೆ ಕೇಬಲ್ಲು ಹರಿದಾಡಿತು. ಬಳಿಕ ಮಾಡಿಗೊಂದು ಡಿಟಿಎಚ್ ತಟ್ಟೆ ಬಂತು. 2012ರಿಂದ 2017ರವರೆಗೆ ಹಂತಹಂತವಾಗಿ ಕೇಬಲ್ ಜಾಲವೆಲ್ಲ ಡಿಜಿಟಲ್ ಆಯಿತು, ಅದರ ಹಿಂದೆಯೇ ಗಾಜಿನೆಳೆಯ ಫೈಬರ್ ಬಂತು. ಹಳೆಯ ಕೇಬಲ್ಲನ್ನು ಬಿಚ್ಚುವ ಕೂಲಿಯೇ ಅದರ ಬೆಲೆಗಿಂತ ಹೆಚ್ಚೆಂದು ಎಷ್ಟೋ ಕಡೆ ಹಾಗೆಯೇ ಬಿಟ್ಟರು. ಇಂದು ಅದರ ಮೇಲೆ ಬಟ್ಟೆ ಒಣಗುತ್ತಿದೆ, ಹೀರೆಬಳ್ಳಿ ಹಬ್ಬಿದೆ. ಬಿಚ್ಚಿ ತಂದದ್ದು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬಿದ್ದಿದೆ. ಗುಜರಿಯವನಿಗೂ ಅದು ಬೇಡದ ಸರಕು, ಏಕೆಂದರೆ ಸುಲಿದರೆ ಸಿಗುವ ತಾಮ್ರ ಅತ್ಯಲ್ಪ.

ಈಗ ಲೆಕ್ಕಕ್ಕೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಗಳೇ, ಎಂಟನೆಯ ತರಗತಿಯ ಗಣಿತ ಸಾಕು. 50 ಓಮ್‌ನ ರೇಡಿಯೋಗೆ 75 ಓಮ್‌ನ ಕೇಬಲ್ಲು ಸೇರಿಸಿದಾಗ ಆ ಸಂಧಿಯಲ್ಲಿ ಎಷ್ಟು ಶಕ್ತಿ ಹಿಂದಕ್ಕೆ ಪುಟಿಯುತ್ತದೆ? ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ: 25 ಭಾಗಿಸು 125, ಅಂದರೆ ಐದರಲ್ಲಿ ಒಂದು. ಅದು ವೋಲ್ಟೇಜಿನ ಲೆಕ್ಕ. ಶಕ್ತಿಗಾಗಿ ವರ್ಗ ಮಾಡಿ. ಇಪ್ಪತ್ತೈದರಲ್ಲಿ ಒಂದು, ಶೇಕಡಾ 4. ಡೆಸಿಬಲ್ಲಿನ ಭಾಷೆಯಲ್ಲಿ ಹೇಳುವುದಾದರೆ 0.18. ಕೇಳುಗನ ರೇಡಿಯೋದ ಸಂಕೇತಮಾಪಕದಲ್ಲಿ ಒಂದು ಅಂಕ ಬದಲಾಗಬೇಕಾದರೆ 6 ಡೆಸಿಬಲ್ ವ್ಯತ್ಯಾಸ ಬೇಕು. 0.18 ಡೆಸಿಬಲ್ಲನ್ನು ಕಿವಿಯಿಂದ ಗುರುತಿಸಬಲ್ಲ ಮನುಷ್ಯ ಹುಟ್ಟಿಲ್ಲ. ಹಿಂದಕ್ಕೆ ಪುಟಿದ ಆ ಶೇಕಡಾ 4 ಕೂಡ ಪೂರ್ತಿ ಹಾಳಾಗುವುದೆಂದು ತಿಳಿಯಬೇಡಿ, ಅದರ ಬಹುಭಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಅದು ಬೇರೆ ಪಾಠ.

ಎಸ್‌ಡಬ್ಲ್ಯುಆರ್ ಎಂಬ ಅಳತೆಯೊಂದಿದೆ. ನಮ್ಮ ಹವ್ಯಾಸಿಗಳಿಗೆ ಅದು ರಕ್ತದೊತ್ತಡದ ಮಾಪಕವಿದ್ದಂತೆ, ಮೂರು ಹೊತ್ತೂ ನೋಡಿಕೊಳ್ಳುತ್ತಾರೆ. ಈ ಸಂಧಿಯಲ್ಲಿ ಅದು 1.5. ಇಂದಿನ ರೇಡಿಯೋಗಳು ಸಾಮಾನ್ಯವಾಗಿ 2ರ ಆಸುಪಾಸಿನವರೆಗೆ ಚಕಾರವೆತ್ತದೆ ದುಡಿಯುತ್ತವೆ. ಇನ್ನು ಆಂಟೆನಾದ ಕಡೆ ನೋಡಿದರೆ ನಗು ಬರುತ್ತದೆ. ಸಮನಾದ ಎರಡು ತೋಳುಗಳ ಅರ್ಧ ತರಂಗದ ಡೈಪೋಲ್ ಎಲ್ಲ ಆಂಟೆನಾಗಳಿಗೂ ಮೂಲಮಾದರಿ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿ, ಎರಡು ತೆಂಗಿನಮರ, ನಡುವೆ ಕತ್ತರಿಸಿ ಕೇಬಲ್ಲು ಸೇರಿಸಿದರೆ ಮುಗಿಯಿತು. ತೆರೆದ ಆಕಾಶದಲ್ಲಿ ಅದರ ಇಂಪೀಡೆನ್ಸ್ ಎಷ್ಟು? 73 ಓಮ್. ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಅದು ಏರಿಳಿಯುತ್ತದೆ, ನಿಜ. ಆದರೆ ಪ್ರಕೃತಿಯೇ 75ಕ್ಕೆ ಹತ್ತಿರದ ಸಂಖ್ಯೆಯನ್ನು ಕೊಟ್ಟಿರುವಾಗ ನಾವು 50ರ ಕೇಬಲ್ಲನ್ನು ತಂದು ಅಲ್ಲಿ ಹೊಂದಿಕೆಯಿಲ್ಲದಂತೆ ಮಾಡಿಕೊಂಡು, 75ರ ಕೇಬಲ್ಲಿಗೆ ಹೊಂದಿಕೆಯಿಲ್ಲ ಎಂದು ದೂರುತ್ತೇವೆ.

ನಿಜವಾದ ನಷ್ಟ ಇರುವುದು ಕೇಬಲ್ಲಿನ ಒಳಗೆ. ಶಕ್ತಿ ಉದ್ದಕ್ಕೂ ಹರಿಯುವಾಗ ಬಿಸಿಯಾಗಿ ಸೋರುತ್ತದೆ, ಕಂಪನಾಂಕ ಏರಿದಂತೆ ಸೋರಿಕೆಯೂ ಏರುತ್ತದೆ. ಹೊಸಬರು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಆರ್‌ಜಿ-58 ಎಂಬ ತೆಳ್ಳನೆಯ 50 ಓಮ್ ಕೇಬಲ್ಲು. 145 ಮೆಗಾಹರ್ಟ್ಸ್‌ನಲ್ಲಿ, 30 ಮೀಟರ್ ಉದ್ದಕ್ಕೆ ಅದು 5 ಡೆಸಿಬಲ್ಲಿಗೂ ಹೆಚ್ಚು ನುಂಗುತ್ತದೆ. 25 ವ್ಯಾಟ್ ಕಳುಹಿಸಿದರೆ ಆಂಟೆನಾಕ್ಕೆ ತಲುಪುವುದು ಏಳೆಂಟು ವ್ಯಾಟ್. ಮನೆಮನೆಗೆ ಎಳೆದಿದ್ದ ಟಿ.ವಿ. ಕೇಬಲ್ಲು, ಅಂದರೆ ಆರ್‌ಜಿ-6, ಅಷ್ಟೇ ಉದ್ದಕ್ಕೆ ಸುಮಾರು ಎರಡೂವರೆ ಡೆಸಿಬಲ್ ನುಂಗಿ 14 ವ್ಯಾಟ್ ತಲುಪಿಸುತ್ತದೆ. ದುಬಾರಿ, ದಪ್ಪನೆಯ ಆರ್‌ಜಿ-213 ಎಂಬ 50 ಓಮ್ ಕೇಬಲ್ಲಿಗೆ ಇದು ಸರಿಸಮ. ಬೀದಿಯಿಂದ ಬೀದಿಗೆ ಎಳೆದಿದ್ದ ಆರ್‌ಜಿ-11 ಸಿಕ್ಕಿತೋ, 17 ವ್ಯಾಟ್. ಮುಖ್ಯ ಮಾರ್ಗದ ಅರ್ಧ ಇಂಚಿನ ಅಲ್ಯೂಮಿನಿಯಂ ಕೊಳವೆಯಂಥ ಕೇಬಲ್ಲು ಸಿಕ್ಕಿದರಂತೂ 20 ವ್ಯಾಟ್! ಅಮೆರಿಕದ ಹವ್ಯಾಸಿಗಳು ಈ ಕೊಳವೆ ಕೇಬಲ್ಲಿನ ಉಳಿದ ತುಂಡುಗಳಿಗಾಗಿ ಕೇಬಲ್ ಕಂಪನಿಗಳ ಬಾಗಿಲಿಗೆ ದಶಕಗಳಿಂದ ಹೋಗುತ್ತಿದ್ದಾರೆ. ಅಲ್ಲಿನವರು ಕೇಳಿ ಪಡೆಯುವುದನ್ನು ಇಲ್ಲಿನವರು ಕಾಲಿನಿಂದ ಒದೆಯುತ್ತಾರೆ. 0.18 ಡೆಸಿಬಲ್ಲಿನ ಭಯಕ್ಕೆ ಎರಡೂವರೆ ಡೆಸಿಬಲ್ಲನ್ನು ಕಳೆದುಕೊಳ್ಳುವವರನ್ನು ಏನೆಂದು ಕರೆಯಬೇಕೋ ನಮ್ಮ ಅಜ್ಜಿಯನ್ನು ಕೇಳಬೇಕಿತ್ತು.

ಹಾಗಾದರೆ 50 ಎಲ್ಲಿಂದ ಬಂತು? ಒಳಗೆ ಬರಿಯ ಗಾಳಿಯಿರುವ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ಅತಿ ಹೆಚ್ಚು ಶಕ್ತಿಯನ್ನು ಸಾಗಿಸಲು 30 ಓಮ್ ಒಳ್ಳೆಯದು, ಅತಿ ಕಡಿಮೆ ನಷ್ಟಕ್ಕೆ 77 ಓಮ್ ಒಳ್ಳೆಯದು. ಪ್ರಸಾರಯಂತ್ರಗಳನ್ನು ಕಟ್ಟಿದವರು ಎರಡರ ನಡುವೆ ರಾಜಿಯಾಗಿ 50ನ್ನು ಹಿಡಿದರು. ಕ್ಷೀಣವಾದ ಸಂಕೇತವನ್ನು ದೂರ ಒಯ್ಯಬೇಕಾಗಿದ್ದ ಟಿ.ವಿ.ಯವರು 75ನ್ನು ಹಿಡಿದರು. ಇಷ್ಟೇ ಚರಿತ್ರೆ. ಇದರಲ್ಲಿ 50 ಮಡಿ, 75 ಮೈಲಿಗೆ ಎಂಬುದನ್ನು ಸೇರಿಸಿದವರು ನಾವು. ಇನ್ನೊಂದು ತಮಾಷೆ ಕೇಳಿ. ಪೂರ್ಣ ತರಂಗದ ಲೂಪ್ ಆಂಟೆನಾ ಎಂಬುದಿದೆ. ಅದರ ಇಂಪೀಡೆನ್ಸ್ ನೂರು, ನೂರ ಇಪ್ಪತ್ತರ ಆಸುಪಾಸು. ಅದನ್ನು 50ಕ್ಕೆ ಇಳಿಸಲು ಕಾಲು ತರಂಗ ಉದ್ದದ 75 ಓಮ್ ಕೇಬಲ್ಲಿನ ತುಂಡನ್ನು ನಡುವೆ ಸೇರಿಸಬೇಕೆಂದು ಕೈಪಿಡಿಗಳೇ ಹೇಳುತ್ತವೆ. ಆಗ ಇದೇ ಹಿರಿಯರು ಎಸ್.ಪಿ. ರಸ್ತೆಯ ಅಂಗಡಿ ಅಂಗಡಿ ಸುತ್ತಿ 75 ಓಮ್ ಕೇಬಲ್ಲನ್ನು ಹುಡುಕುತ್ತಾರೆ. ತುಂಡಾಗಿ ಬಂದರೆ ತೀರ್ಥ, ಸುರುಳಿಯಾಗಿ ಬಂದರೆ ಕೊಚ್ಚೆ!

ಇದು ಬರಿಯ ವಿಜ್ಞಾನದ ಚರ್ಚೆಯಾಗಿದ್ದರೆ ನಾನು ಇಷ್ಟು ಬೆರಳು ನೋಯಿಸಿಕೊಳ್ಳುತ್ತಿರಲಿಲ್ಲ. ನಾನು ನಿವೃತ್ತನಾದ ಮೇಲೂ ಮನೆಯ ಜಗಲಿಯಲ್ಲಿ ಭಾನುವಾರ ನಾಲ್ಕಾರು ಮಕ್ಕಳು ಸೇರುತ್ತಿದ್ದರು. ಅವರಲ್ಲಿ ದರ್ಜಿಯೊಬ್ಬರ ಮಗಳು ಕಾಲೇಜಿಗೆ ಹೋಗುತ್ತಿದ್ದಾಗಲೇ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದಳು. 25 ವ್ಯಾಟಿನ ಹಳೆಯ ರೇಡಿಯೋವೊಂದನ್ನು ಪರಿಚಿತರೊಬ್ಬರು ಕೊಟ್ಟರು. ಅವಳ ಮನೆ ಕಣಿವೆಯಲ್ಲಿ; ಹಿಂದಿನ ದಿಣ್ಣೆಯ ಹಲಸಿನ ಮರದವರೆಗೆ ಆಂಟೆನಾವನ್ನು ಒಯ್ಯಬೇಕಾದರೆ 30 ಮೀಟರ್ ಕೇಬಲ್ಲು ಬೇಕೇ ಬೇಕು. ಊರಿನ ಕೇಬಲ್ ಆಪರೇಟರ್ "ತಗೊಂಡ್ಹೋಗಮ್ಮ, ಜಾಗ ಖಾಲಿಯಾಗುತ್ತೆ" ಎಂದು ಒಂದು ಸುರುಳಿ ಆರ್‌ಜಿ-6 ಕೊಡಲು ಸಿದ್ಧನಿದ್ದ. ಅಷ್ಟರಲ್ಲಿ ಅವಳು ನಗರವೊಂದರಲ್ಲಿ ಹವ್ಯಾಸಿಗಳ ಕೂಟಕ್ಕೆ ಹೋಗಿ ಈ ವಿಷಯ ಕೇಳಿದಳು. ಅಲ್ಲಿದ್ದ ಹಿರಿಯರೊಬ್ಬರು, "ಟಿ.ವಿ. ವೈರು ಕಟ್ಕೊಂಡು ಹ್ಯಾಮ್ ಆಗ್ತೀಯೇನಮ್ಮ? ಮೊದಲು ಸರಿಯಾದ ಕೇಬಲ್ ತಗೋ, ಆಮೇಲೆ ಮಾತಾಡೋಣ" ಎಂದರು. ಸುತ್ತಲಿದ್ದವರು ನಕ್ಕರು. ಸರಿಯಾದ ಕೇಬಲ್ಲಿನ ಬೆಲೆ ವಿಚಾರಿಸಿದರೆ ಅವಳಪ್ಪನ ತಿಂಗಳ ದುಡಿಮೆಗೆ ಹತ್ತಿರ. ಹುಡುಗಿ ಯಾರಿಗೂ ಹೇಳದೆ ಪರವಾನಗಿಯನ್ನು ಪೆಟ್ಟಿಗೆಗೆ ಹಾಕಿದಳು. ಎರಡು ವರ್ಷ ಆ ರೇಡಿಯೋ ಹೊಲಿಗೆಯಂತ್ರದ ಪಕ್ಕದಲ್ಲಿ ಬಟ್ಟೆಯ ತುಂಡುಗಳ ಕೆಳಗೆ ಇತ್ತು.

ಒಮ್ಮೆ ಬೇರೇನೋ ಕೆಲಸಕ್ಕೆ ಬಂದವಳನ್ನು ವಿಚಾರಿಸಿದಾಗ ವಿಷಯ ಹೊರಬಿತ್ತು. ನಾನು ಏನನ್ನೂ ಹೇಳದೆ ಮೇಲಿನ ಲೆಕ್ಕವನ್ನು ಅವಳಿಂದಲೇ ಮಾಡಿಸಿದೆ. ಮಾಡಿ, ಮತ್ತೊಮ್ಮೆ ಮಾಡಿ, ಹಾಳೆಯಿಂದ ತಲೆಯೆತ್ತಿ ಕೇಳಿದಳು: "ನಾಲ್ಕು ಪರ್ಸೆಂಟ್ ಅಂತ ಬರ್ತಿದೆ ಸಾರ್. ಇಷ್ಟಕ್ಕೇ ಬೇಡ ಅಂದ್ರಾ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇರಬೇಕಾದದ್ದು ಆ ಕೂಟದವರಲ್ಲಿ. ಮುಂದಿನ ವಾರ ಹಲಸಿನ ಮರದಲ್ಲಿ ನೆಟ್ಟಗೆ ನಿಂತ ಒಂದು ಡೈಪೋಲ್, ಕೆಳಗೆ ಅದೇ ಟಿ.ವಿ. ಕೇಬಲ್ಲು. ಮಾಪಕ ಲೆಕ್ಕ ಹೇಳಿದ ಹಾಗೆಯೇ 1.5 ತೋರಿಸಿತು, ಘಟ್ಟದ ಕೆಳಗಿನಿಂದ ಒಬ್ಬರು ಉತ್ತರಿಸಿದರು. ಸಂತೋಷವೇ. ಆದರೆ ಹೋದ ಎರಡು ವರ್ಷ? ಹಾಗೆ ಪೆಟ್ಟಿಗೆ ಸೇರಿ ಹೊರಬಾರದೇ ಉಳಿದ ಪರವಾನಗಿಗಳು ಇನ್ನೆಷ್ಟಿವೆಯೋ.

ಈ ಹವ್ಯಾಸದ ಬೆನ್ನೆಲುಬೇ ಇದ್ದುದರಲ್ಲಿ ಕಟ್ಟಿಕೊಳ್ಳುವುದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಯಂತ್ರಗಳನ್ನು ಬಿಚ್ಚಿ, ತಿರುಗಿಸಿ, ಬೆಸುಗೆ ಹಾಕಿ ಒಂದು ತಲೆಮಾರು ರೇಡಿಯೋ ಕಲಿಯಿತು. ಅದು ಗುಜರಿಯಲ್ಲದೆ ಮತ್ತೇನು? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನಿನ ದೂರವಾಣಿಗಳು ಸತ್ತಾಗ, ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ತನ್ನಲ್ಲಿದ್ದ ರೇಡಿಯೋಗಳಿಂದಲೇ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ ತಂತಿಯನ್ನು ನಿಲ್ಲಿಸಬಲ್ಲವರು ಬೇಕು. ಕೇಬಲ್ಲಿನ ಗೋತ್ರ ವಿಚಾರಿಸುವವರನ್ನು ಬೆಳೆಸಿದರೆ ನಮ್ಮ ಮುಂದಿನ ಪ್ರವಾಹಕ್ಕೆ ಯಾರು ಬರುತ್ತಾರೆ? ನಾನಂತೂ ಬೆಂಗಳೂರಿನಲ್ಲಿ ಇಸ್ರೋದವರು ಕಟ್ಟಿ, 2005ರ ಮೇ 5ರಂದು ಹಾರಿಬಿಟ್ಟ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು, 2014ರಲ್ಲಿ ಅದು ಮೌನವಾಗುವವರೆಗೂ, ಟಿ.ವಿ. ಕೇಬಲ್ಲಿನಲ್ಲಿಯೇ ಕೇಳಿಸಿಕೊಂಡೆ. ಅದಕ್ಕೆ ಯಾವ ಬೇಸರವೂ ಆದಂತೆ ಕಾಣಲಿಲ್ಲ.

ಎದುರು ಪಕ್ಷದವರಲ್ಲಿ ತಿಳಿದವರೂ ಇದ್ದಾರೆ, ಅವರ ನಿಜವಾದ ಆಕ್ಷೇಪಗಳನ್ನು ಮುಚ್ಚಿಡುವುದಿಲ್ಲ. ಆರ್‌ಜಿ-6ರ ನಡುತಂತಿ ಬಹುಪಾಲು ತಾಮ್ರದ ಲೇಪವಿರುವ ಉಕ್ಕು; ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಮಕ್ಕಳಿಗೆ ತೋರಿಸಲು ಒಳ್ಳೆಯ ಪ್ರಯೋಗ. ಕಂಪನಾಂಕ ಹೆಚ್ಚಿದ್ದಾಗ ವಿದ್ಯುತ್ತು ತಂತಿಯ ಮೇಲ್ಮೈಯಲ್ಲೇ ಹರಿಯುವುದರಿಂದ ಒಳಗಿನ ಉಕ್ಕಿನ ಗೊಡವೆಯಿಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಅದು ತಾಮ್ರದೊಳಕ್ಕೆ ಇಳಿಯುವುದು ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗದಷ್ಟು. ಆದರೆ 3.5 ಮೆಗಾಹರ್ಟ್ಸ್ ಮತ್ತು ಅದಕ್ಕೂ ಕೆಳಗೆ ಅದು ಲೇಪವನ್ನು ದಾಟಿ ಉಕ್ಕನ್ನು ಮುಟ್ಟುತ್ತದೆ, ನಷ್ಟ ಹೆಚ್ಚುತ್ತದೆ. ಅಲ್ಲಿ ಉದ್ದನೆಯ ಆರ್‌ಜಿ-6 ಬೇಡ. ಹೊರಗಿನ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯದು. ಕೇಬಲ್‌ನವರು ಬಳಸುವ ಎಫ್ ಕನೆಕ್ಟರನ್ನೇ ಅವರದೇ ಉಪಕರಣದಿಂದ ಒತ್ತಿ ಕೂರಿಸಿ, ರೇಡಿಯೋ ಕಡೆಗೆ ಅಡಾಪ್ಟರ್ ಹಾಕಬೇಕು. ಅಗ್ಗದ ನಮೂನೆಯಲ್ಲಿ ಜಾಲರಿ ಜೇಡರಬಲೆಯಂತಿರುತ್ತದೆ, ಅದನ್ನು ಬಿಡಿ. ತುದಿಯಿಂದ ನೀರು ಕುಡಿದ ಕೇಬಲ್ಲು ಎಷ್ಟು ಓಮ್‌ನದಾದರೂ ನಿರುಪಯುಕ್ತ. ತುದಿಯನ್ನು ಒಂದಡಿ ಕತ್ತರಿಸಿ ಸುಲಿದು ನೋಡಿ, ಜಾಲರಿ ಬಿಳಿ ಪುಡಿಯಾಗಿದ್ದರೆ ಗುಜರಿಗೇ ಕೊಡಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಂಟೆನಾ 50 ಓಮ್‌ನದೇ ಆಗಿದ್ದು, 75 ಓಮ್‌ನ ಕೇಬಲ್ಲಿನ ಉದ್ದ ಕಾಲು ತರಂಗದ ಬೆಸ ಗುಣಕವಾಗಿಬಿಟ್ಟರೆ ರೇಡಿಯೋಗೆ 112 ಓಮ್ ಕಾಣುತ್ತದೆ, ಎಸ್‌ಡಬ್ಲ್ಯುಆರ್ 2.25ಕ್ಕೆ ಏರಿ ಕೆಲವು ರೇಡಿಯೋಗಳು ಶಕ್ತಿಯನ್ನು ತಗ್ಗಿಸಿಕೊಳ್ಳುತ್ತವೆ. ನಿಜ. ಮದ್ದೂ ಸುಲಭ. ಕೇಬಲ್ಲನ್ನು ಅರ್ಧ ತರಂಗದ ಗುಣಕಗಳಲ್ಲಿ ಕತ್ತರಿಸಿದರೆ ಆಂಟೆನಾದಲ್ಲಿ ಇದ್ದದ್ದೇ ರೇಡಿಯೋದಲ್ಲೂ ಕಾಣುತ್ತದೆ. ನೊರೆಯ ಕೇಬಲ್ಲಿನಲ್ಲಿ ಅಲೆ ಬೆಳಕಿನ ವೇಗದ ಸುಮಾರು 0.83ರಷ್ಟು ವೇಗದಲ್ಲಿ ಹೋಗುವುದರಿಂದ 145 ಮೆಗಾಹರ್ಟ್ಸ್‌ಗೆ ಅರ್ಧ ತರಂಗವೆಂದರೆ 86 ಸೆಂಟಿಮೀಟರ್. ಅಂಥ ಹದಿನಾಲ್ಕು ತುಂಡುಗಳ ಉದ್ದ 12 ಮೀಟರ್. 7.1 ಮೆಗಾಹರ್ಟ್ಸ್‌ಗೆ ಒಂದೇ ಅರ್ಧ ತರಂಗ ಹದಿನೇಳೂವರೆ ಮೀಟರ್. ನಮ್ಮೂರಿನ ಯಾವ ಮನೆಯ ಅಂಗಳಕ್ಕೂ ಹೇಳಿ ಮಾಡಿಸಿದ ಉದ್ದ. ಅಳತೆಪಟ್ಟಿ ಹಿಡಿಯಲು ಬಂದರೆ ಸಾಕು.

ಮಕ್ಕಳು ಓದುವ ಪುಟವಾದ್ದರಿಂದ ಇದನ್ನು ಬಿಡುವಂತಿಲ್ಲ: ಕಂಬದ ಮೇಲಿನ ಯಾವ ಕೇಬಲ್ಲಿಗೂ ಕೈ ಹಾಕಬಾರದು. ಸತ್ತಂತೆ ಜೋತಾಡುವ ಕೇಬಲ್ಲು ಎಲ್ಲೋ ವಿದ್ಯುತ್ ತಂತಿಗೆ ತಾಗಿರಬಹುದು. ಮುಖ್ಯ ಮಾರ್ಗದ ಕೇಬಲ್ಲಿನಲ್ಲಂತೂ ನಡುವಿನ ವರ್ಧಕಗಳಿಗಾಗಿ 60 ವೋಲ್ಟಿನಷ್ಟು ವಿದ್ಯುತ್ತನ್ನೇ ಹರಿಸುತ್ತಾರೆ. ಮೇಲಾಗಿ ಅದು ಇನ್ನೊಬ್ಬರ ಸೊತ್ತು. ಆಪರೇಟರನ್ನು ಕೇಳಿ, ಅವರ ಗೋದಾಮಿನಿಂದ ಪಡೆಯಿರಿ. ಕೇಳಿದ್ದಕ್ಕೆ ಇಲ್ಲವೆಂದವರನ್ನು ನಾನು ಈವರೆಗೆ ಕಂಡಿಲ್ಲ. ಮನೆಯೊಳಕ್ಕೆ ಬರುವಲ್ಲಿ ಜಾಲರಿಗೆ ಅರ್ಥಿಂಗ್ ಮಾಡಿಸಿ, ಗುಡುಗಿನ ಸದ್ದು ಕೇಳುವ ಮೊದಲೇ ರೇಡಿಯೋದಿಂದ ಬಿಚ್ಚಿ ಹೊರಗಿಡಿ. ಮಲೆನಾಡಿನ ಏಪ್ರಿಲ್-ಮೇ ತಿಂಗಳ ಸಿಡಿಲು 50, 75 ಎಂದು ನೋಡುವುದಿಲ್ಲ.

ಹವ್ಯಾಸಿ ಕೂಟಗಳನ್ನು ನಡೆಸುವವರಿಗೆ ನನ್ನದೊಂದು ಬೇಡಿಕೆ ಇದೆ. ಹೊಸಬರಿಗೆ ಕೊಡುವ ಪಟ್ಟಿಯಲ್ಲಿ 50 ಓಮ್ ಕೇಬಲ್ಲಿನ ಪಕ್ಕದಲ್ಲೇ "ಅಥವಾ ಹಳೆಯ ಟಿ.ವಿ. ಕೇಬಲ್ಲು, ಆಪರೇಟರನ್ನು ಕೇಳಿ" ಎಂದು ಒಂದು ಸಾಲು ಬರೆಯಿರಿ. ನಗುವವರಿದ್ದರೆ ಮೇಲಿನ ಲೆಕ್ಕವನ್ನು ಹಲಗೆಯ ಮೇಲೆ ಮಾಡಲು ಕರೆಯಿರಿ.

ನಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ಎರಡು ಸುರುಳಿ ಆರ್‌ಜಿ-6, ಒಂದು ಸುರುಳಿ ಆರ್‌ಜಿ-11 ಇವೆ. ಆರ್‌ಜಿ-11ರ ಒಂದು ತುದಿಯನ್ನು ಇಲಿ ಕಡಿದಿದೆ, ಉಳಿದದ್ದು ಚೆನ್ನಾಗಿದೆ. ಪರವಾನಗಿ ಇರುವ, ಅಥವಾ ಪರೀಕ್ಷೆಗೆ ಓದುತ್ತಿರುವ ನನ್ನ ವಿದ್ಯಾರ್ಥಿಗಳ ಮಕ್ಕಳು ಯಾರಾದರೂ ಬಂದು ಒಯ್ಯಬಹುದು. ಒತ್ತುವ ಉಪಕರಣ ನನ್ನಲ್ಲಿದೆ, ಕನೆಕ್ಟರುಗಳನ್ನು ನೀವೇ ತನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇನೆ, ಆ ಹೊತ್ತು ಬಿಟ್ಟು ಬನ್ನಿ.